ಇಪ್ಪತ್ತಮೂರು ಜನ, ಒಂದೇ ಟಿಕೆಟ್

ಇಪ್ಪತ್ತಮೂರು ಜನರನ್ನು ವೈಟ್‌ಫೀಲ್ಡ್‌ನಿಂದ ಕಂಟೋನ್ಮೆಂಟ್‌ವರೆಗೆ ರೈಲಿನಲ್ಲಿ ಕರೆದೊಯ್ದು ಒಂದು ಕಬಡ್ಡಿ ಪಂದ್ಯ ತೋರಿಸುವುದು ಕಷ್ಟದ ಕೆಲಸವಲ್ಲ. ಹಾಗೆಂದು ನಾನು ನಂಬಿದ್ದೆ. ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಇಪ್ಪತ್ತಾರು ವರ್ಷ ಕಳೆದವನು ನಾನು. ದಿನಾ ಹನ್ನೆರಡು ಪುಟಗಳನ್ನು ಹೇಳಿದ ನಿಮಿಷಕ್ಕೆ ಅಚ್ಚಿಗೆ ಕಳಿಸಿದವನಿಗೆ ಇಪ್ಪತ್ತಮೂರು ಜನ ಯಾವ ಲೆಕ್ಕ! ಪುಟಗಳಿಗೆ ಕಾಲಿರುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಆಗ ಹೊಳೆಯಲಿಲ್ಲ.

ಪಂದ್ಯ ನಮ್ಮ ಮಂಜುಳಕ್ಕನ ಮಗಳದ್ದು. ಮಂಜುಳಕ್ಕ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು, ಕಾರಿಡಾರು ಗುಡಿಸಿ ಒರೆಸುವವರು. ಮಗಳು ಭವ್ಯ ಕಾಲೇಜು ತಂಡದ ರೈಡರ್. ತಂಡ ರಾಜ್ಯಮಟ್ಟದ ಫೈನಲ್ ತಲುಪಿತ್ತು. ಭವ್ಯ ಆಡಲು ಶುರುಮಾಡಿ ಆರು ವರ್ಷವಾದರೂ ತಾಯಿ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿರಲಿಲ್ಲ. ಪಂದ್ಯ ಇರುವ ಹೊತ್ತಿಗೇ ನಮ್ಮ ಮೆಟ್ಟಿಲುಗಳೂ ಇರುತ್ತಿದ್ದವು.

"ಮೊಬೈಲ್ನಾಗೆ ನೋಡಿವ್ನಿ ಸಾರ್," ಎಂದಿದ್ದರು ಒಮ್ಮೆ. "ಅದ್ರಾಗೆ ಎಲ್ಲಾ ಇರುವೆ ತರ ಕಾಣ್ತವೆ. ನಮ್ಮುಡುಗಿ ಯಾವ್ದು ಅಂತ್ಲೇ ಗೊತ್ತಾಗಕ್ಕಿಲ್ಲ."

ಈ ಸಲ ಅವರಿಗೆ ರಜೆ ಕೊಡುವುದು, ಜೊತೆಗೆ ನಾವೂ ಹೋಗಿ ಕೂಗುವುದು ಎಂದು ನಿವಾಸಿಗಳ ಸಭೆ ತೀರ್ಮಾನಿಸಿತು. ಪ್ರಯಾಣದ ಉಸ್ತುವಾರಿ ಯಾರದ್ದು ಎಂಬ ಪ್ರಶ್ನೆ ಏಳುವ ಮೊದಲೇ ನಾನು ಎದ್ದಿದ್ದೆ.

"ಮೆಟ್ರೋ ಇದೆಯಲ್ರೀ," ಎಂದಳು ಹೆಂಡತಿ ಶೈಲಾ. "ಎಲ್ಲರೂ ಫೋನಲ್ಲೇ ಟಿಕೆಟ್ ತಗೊಂಡು ಅವರವರೇ ಬರ್ತಾರೆ."

"ಅವರವರೇ ಬಂದರೆ ಅದು ತಂಡ ಅಲ್ಲ, ಜನಜಂಗುಳಿ. ರೈಲಾದರೆ ನಲವತ್ತು ನಿಮಿಷ. ಒಟ್ಟಿಗೆ ಹತ್ತುತ್ತೇವೆ, ಒಟ್ಟಿಗೆ ಇಳಿಯುತ್ತೇವೆ."

ಮುನಿರಾಜು ತಲೆಯಾಡಿಸಿದರು. ಅವರು ಈ ಊರಿನ ಹಳಬರು. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದೇ ಅವರ ತಂದೆಯ ರಾಗಿ ಹೊಲದ ಮೇಲೆ. ಈಗ ಅದರಲ್ಲೇ ಎರಡು ಫ್ಲ್ಯಾಟ್‌ಗಳ ಮಾಲೀಕರು. "ಪೇಪರ್ನೋರು ಕೈ ಆಕಿದ್ ಮೇಲೆ ಮುಗೀತು ಬುಡಿ. ನಾನು ತಮಟೆ ತರ್ತೀನಿ."

ನಾನು ಒಂದು ಪುಟದ ಸೂಚನಾಪತ್ರ ಸಿದ್ಧಪಡಿಸಿದೆ. 'ಮಧ್ಯಾಹ್ನ 1.05: ಗೇಟಿನ ಬಳಿ ಹಾಜರಿ. 1.07: ನಿರ್ಗಮನ.' ನಡುವಿನ ಎರಡು ನಿಮಿಷ ಅನಿರೀಕ್ಷಿತ ಘಟನೆಗಳಿಗೆ ಮೀಸಲು. ನಾಲ್ಕನೆಯ ಸೂಚನೆ ದಪ್ಪ ಅಕ್ಷರಗಳಲ್ಲಿತ್ತು: 'ಯಾವ ಕಾರಣಕ್ಕೂ ಯಾರೂ ಮಧ್ಯದ ನಿಲ್ದಾಣಗಳಲ್ಲಿ ಇಳಿಯತಕ್ಕದ್ದಲ್ಲ.' ಆ ದಿನ ಈ ಸೂಚನೆಯನ್ನು ಉಲ್ಲಂಘಿಸಿದವರು ಒಬ್ಬರೇ ಒಬ್ಬರು.

ವೈಟ್‌ಫೀಲ್ಡ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದವರು ಒಳ್ಳೆಯ ಮನುಷ್ಯ. "ಇಪ್ಪತ್ಮೂರು ಜನಾನಾ? ನಾಲ್ಕೈದು ಟಿಕೆಟ್ ಮಾಡಿ ಕೊಡ್ಲಾ ಸಾರ್? ಯಾರಾದ್ರೂ ಹಿಂದೆ ಮುಂದೆ ಆದ್ರೆ ಅನುಕೂಲ."

"ನಮ್ಮಲ್ಲಿ ಯಾರೂ ಹಿಂದೆ ಮುಂದೆ ಆಗುವುದಿಲ್ಲ. ಒಂದೇ ಕೊಡಿ."

ಇಪ್ಪತ್ತಮೂರು ಜನರ ಪ್ರಯಾಣ ಒಂದು ಚೂರು ಕಾಗದದ ಮೇಲೆ ಮುದ್ರಿತವಾಗಿ ನನ್ನ ಜೇಬು ಸೇರಿತು. ಕ್ರೀಡಾಂಗಣದ ಪಾಸುಗಳು ಮೊದಲೇ ನನ್ನ ಪ್ಲಾಸ್ಟಿಕ್ ಫೈಲಿನಲ್ಲಿದ್ದವು.

"ಪಾಸಾದ್ರೂ ಹಂಚಿಬಿಡಿ," ಎಂದಳು ಶೈಲಾ.

"ಜನ ಕಳೆದುಬಿಡ್ತಾರೆ."

"ನೀವೇ ಕಳೆದುಹೋದ್ರೆ?"

ನಾನು ನಕ್ಕೆ. ಗಟ್ಟಿಯಾಗಿಯೇ ನಕ್ಕೆ.

ರೈಲು ಬಂತು. ಜನರೂ ಬಂದರು, ನಮ್ಮವರಲ್ಲದವರೂ ಬೇಕಾದಷ್ಟು ಬಂದರು. ನೂಕಿಕೊಂಡು ಹತ್ತಿ, ಉಸಿರು ಸರಿಮಾಡಿಕೊಂಡು, ಪಟ್ಟಿ ತೆಗೆದು ಎಣಿಸಿದೆ. ಇಪ್ಪತ್ತೆರಡು. ನನ್ನನ್ನು ಸೇರಿಸಿಕೊಂಡೇ ಎಣಿಸಿದ್ದೆ, ಅಷ್ಟು ಪೆದ್ದನಲ್ಲ. ಮತ್ತೆ ಎಣಿಸಿದೆ. ಇಪ್ಪತ್ತೆರಡೇ! ಹೆಸರು ಹಿಡಿದು ಕೂಗಿದಾಗ ಗೊತ್ತಾಯಿತು: ಇಲ್ಲದವರು ಮಂಜುಳಕ್ಕ. ಮದುವೆ ದಿಬ್ಬಣ ಹೊರಟಿದೆ, ಮದುಮಗಳೇ ಇಲ್ಲ!

"ಲೇಡೀಸ್ ಡಬ್ಬಿನಾಗೆ ಅತ್ತಿರ್ತಾರೆ ಬುಡಿ ಸಾರ್. ಅವ್ರು ಯಾವಾಗ್ಲೂ ಅದ್ರಾಗೇ ಓಡಾಡೋದು," ಎಂದರು ಮುನಿರಾಜು.

"ಹತ್ತಿರ್ತಾರೆ ಅನ್ನುವುದು ಊಹೆ ಮುನಿರಾಜು. ಸುದ್ದಿ ಅಲ್ಲ."

ಮಂಜುಳಕ್ಕನ ಫೋನಿಗೆ ಕರೆ ಮಾಡಿದೆವು. ಅದು ಶೈಲಾಳ ಕೈಚೀಲದಲ್ಲಿ ಹಾಡತೊಡಗಿತು. ನೂಕುನುಗ್ಗಲಿನಲ್ಲಿ ಬಿದ್ದೀತೆಂದು ಅವರೇ ಇಡಲು ಕೊಟ್ಟಿದ್ದರಂತೆ.

ಆ ರೈಲಿನಲ್ಲಿ ನಮ್ಮ ಡಬ್ಬಿಯಿಂದ ಮಹಿಳೆಯರ ಡಬ್ಬಿಗೆ ಒಳಗಿನಿಂದ ದಾರಿಯಿರಲಿಲ್ಲ. ಹಾಗಾಗಿ ಕೆ.ಆರ್. ಪುರದಲ್ಲಿ ರೈಲು ನಿಂತೊಡನೆ ಇಳಿದೆ. "ರೀ, ಬೇಡ್ರೀ!" ಎಂದು ಶೈಲಾ ಕೂಗಿದ್ದು ಕೇಳಿಸಿತು. ಖಚಿತಪಡಿಸಿಕೊಳ್ಳುವುದು ಎಂದರೇನೆಂದು ಅವಳಿಗೇನು ಗೊತ್ತು! ಓಡಿಹೋಗಿ ಮಹಿಳೆಯರ ಡಬ್ಬಿಯ ಕಿಟಕಿಗಳಲ್ಲಿ ಇಣುಕಿದೆ. ಮೂವರು ಬೈದರು. ನಾಲ್ಕನೆಯ ಕಿಟಕಿಯಲ್ಲಿ ಮಂಜುಳಕ್ಕ ಕಡಲೆಕಾಯಿ ಬಿಡಿಸುತ್ತ ಆರಾಮವಾಗಿ ಕೂತಿದ್ದರು.

"ಯಾಕ್ ಸಾರ್ ಇಳ್ಕಂಡ್ರಿ? ಇನ್ನೂ ಕಂಟೋನ್ಮೆಂಟ್ ಬಂದಿಲ್ಲ ಕಣ್ ಸಾರ್."

ಎಂಥ ನೆಮ್ಮದಿ! ಈ ಹಂತದಲ್ಲಿ ಸಾಮಾನ್ಯ ಮನುಷ್ಯನಾದರೆ ಓಡಿಹೋಗಿ ರೈಲು ಹತ್ತುತ್ತಿದ್ದ. ನಾನು ಫೈಲು ತೆರೆದೆ. ಪಟ್ಟಿ ತೆಗೆದೆ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮಂಜುಳಕ್ಕನ ಹೆಸರಿನ ಮುಂದೆ ಅಚ್ಚುಕಟ್ಟಾಗಿ ಒಂದು ಗುರುತು ಹಾಕಿದೆ.

ತಲೆಯೆತ್ತಿದಾಗ ಮಂಜುಳಕ್ಕ ಇರಲಿಲ್ಲ. ಬೇರೆ ಯಾರದೋ ಕಿಟಕಿ ಇತ್ತು. ಅದೂ ಹೋಯಿತು. ಆಮೇಲೆ ರೈಲೇ ಹೋಯಿತು.

ಪ್ಲಾಟ್‌ಫಾರಂ ಮೇಲೆ ಉಳಿದದ್ದು ನಾನು, ಇಪ್ಪತ್ತಮೂರು ಜನರ ಟಿಕೆಟ್, ಇಪ್ಪತ್ತಮೂರು ಪಾಸು ಮತ್ತು ಸಂಪೂರ್ಣ ನಿಖರವಾದ ಒಂದು ಪಟ್ಟಿ.

ಇಪ್ಪತ್ತೈದು ನಿಮಿಷದ ನಂತರ ಶೈಲಾಳ ಫೋನಿನಿಂದ ಕರೆ ಬಂತು. ಮಾತಾಡಿದ್ದು ಮಾತ್ರ ಬೇರೆ ಹೆಂಗಸು. "ಸಾರ್, ನಾನು ಕಂಟೋನ್ಮೆಂಟ್ ಟಿ.ಸಿ. ಮಾತಾಡ್ತಿರೋದು. ನಿಮ್ಮ ಕಡೆಯೋರು ಇಪ್ಪತ್ತೆರಡು ಜನ ಸಿಕ್ಕಿದ್ದಾರೆ. ಟಿಕೆಟ್ ಇಲ್ಲ, ತಮಟೆ ಇದೆ."

"ಟಿಕೆಟ್ ನನ್ನ ಹತ್ತಿರ ಇದೆ ಮೇಡಂ! ಈಗಲೇ ಫೋಟೋ ಕಳಿಸ್ತೀನಿ."

"ಫೋಟೋ ನೋಡಿ ಬಿಡೋಕಾಗಲ್ಲ ಸಾರ್. ಟಿಕೆಟ್ಟೇ ಬರ್ಬೇಕು."

ಫೋನು ಇಟ್ಟೆ. ಮೂಲ ಪ್ರತಿ ತೋರಿಸದ ಹೊರತು ಒಂದು ಸಾಲೂ ಹೋಗುವುದಿಲ್ಲ ಎಂದು ಎಷ್ಟು ವರದಿಗಾರರನ್ನು ವಾಪಸು ಅಟ್ಟಿದ್ದೇನೋ!

ಮುಂದಿನ ಪ್ಯಾಸೆಂಜರ್ ರೈಲಿಗೆ ಒಂದು ಗಂಟೆಗೂ ಹೆಚ್ಚು ಸಮಯವಿತ್ತು. ಅದಕ್ಕೆ ಮೊದಲು ಎಕ್ಸ್‌ಪ್ರೆಸ್ ಒಂದು ಬರುತ್ತದೆಂದು ಚಹಾ ಮಾರುವವರು ಹೇಳಿದರು. ಬೆಂಚಿನ ಮೇಲೆ ಕೂತೆ. ದೂರದಲ್ಲಿ ಕಂಬಗಳ ಮೇಲೆ ಮೆಟ್ರೋ ಹೋಯಿತು. ಅದನ್ನು ಹತ್ತುವುದೆಂದರೆ ಶೈಲಾ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಹೋಯಿತು. ನಾನು ಎಣಿಸಬಾರದೆಂದುಕೊಂಡೆ, ಐದು ಹೋದವು.

ಅಷ್ಟರಲ್ಲಿ ಮೂರು ಗಂಟೆಯಾಗುತ್ತ ಬಂದಿತ್ತು. ಪಂದ್ಯ ಮೂರೂವರೆಗೆ. ಆರು ವರ್ಷ ಮಂಜುಳಕ್ಕನಿಗೆ ನಮ್ಮ ಮೆಟ್ಟಿಲುಗಳು ಅಡ್ಡ ಬಂದಿದ್ದವು. ಈ ಸಲ ನಾನು ಬಂದಿದ್ದೆ. ನಗಲು ಪ್ರಯತ್ನಿಸಿದೆ, ಆಗಲಿಲ್ಲ. ಆ ಹೆಂಗಸು ಬೆಳಿಗ್ಗೆ ಐದಕ್ಕೇ ಬಂದು ನಾಲ್ಕೂ ಮಹಡಿ ಒರೆಸಿ, ಆಮೇಲೆ ಮನೆಗೆ ಹೋಗಿ, ಹಸಿರು ರೇಷ್ಮೆ ಸೀರೆ ಉಟ್ಟು ಗೇಟಿನ ಬಳಿ ಎಲ್ಲರಿಗಿಂತ ಮೊದಲು ನಿಂತಿದ್ದರು.

ಎಕ್ಸ್‌ಪ್ರೆಸ್ ಬಂತು. ಜನರಲ್ ಡಬ್ಬಿಯಲ್ಲಿ ಒಂಟಿ ಕಾಲಿನ ಮೇಲೆ, ಫೈಲನ್ನು ತಲೆಯ ಮೇಲೆ ಹಿಡಿದು ನಿಂತೆ. ಶೈಲಾಗೆ ನಾಲ್ಕು ಸಲ ಕರೆ ಮಾಡಿದೆ. ಎತ್ತಲಿಲ್ಲ. ಕಂಟೋನ್ಮೆಂಟ್ ಹತ್ತಿರ ಬಂದಾಗ ಸಿಗ್ನಲ್‌ಗೆಂದು ರೈಲು ನಿಂತುಕೊಂಡಿತು. ಪಕ್ಕದಲ್ಲಿದ್ದವರು ಕೇಳಿದರು, "ಯಾಕೆ ಸಾರ್, ಮೈ ಹುಷಾರಿಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ." ಮೂವರಿದ್ದ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಮಾಡಿಕೊಟ್ಟರು. ಅವರ ಹೆಸರನ್ನೂ ಕೇಳಲಿಲ್ಲ. ಸುದ್ದಿಮನೆಯವನಿಗೆ ಇದು ಅಕ್ಷಮ್ಯ.

ಕಂಟೋನ್ಮೆಂಟ್‌ನಲ್ಲಿ ಇಳಿದು ಓಡಿದೆ. ನಮ್ಮವರು ಬೆಂಚುಗಳ ಮೇಲೆ ಸಾಲಾಗಿ ಕೂತು ಚಕ್ಕುಲಿ ತಿನ್ನುತ್ತಿದ್ದರು. ಕಣ್ಣು ತಾನಾಗಿಯೇ ಎಣಿಸಿತು. ಇಪ್ಪತ್ತೇ!

"ಮಂಜುಳಕ್ಕ ಎಲ್ಲಿ? ಶೈಲಾ ಎಲ್ಲಿ?"

"ಒಂಟೋದ್ರು ಸಾರ್," ಎಂದರು ಮುನಿರಾಜು. "ಮೇಡಮ್ಮೋರೇ ಆಟೋ ಅತ್ತಿಸಿ ಕಳ್ಸಿದ್ರು."

ಟಿ.ಸಿ. ಮೇಡಂ ಎತ್ತರದ ಆಳು. ಭುಜ ಅಗಲ, ಮುಖ ಶಾಂತ. "ಮಗಳ ಫೈನಲ್ ಅಂದ್ರು. ತಾಯಿ ಇಲ್ಲಿ ಬೆಂಚ್ ಮೇಲೆ ಕೂತು ನಿಮ್ಮ ದಾರಿ ಕಾಯೋದು ನ್ಯಾಯ ಅನ್ನಿಸ್ಲಿಲ್ಲ. ಜೊತೆಗೆ ನಿಮ್ಮ ಮನೆಯೋರ್ನ ಕಳಿಸ್ದೆ. ಇನ್ನೂ ಇಪ್ಪತ್ತು ಜನ ಇಲ್ಲೇ ಇದ್ರಲ್ಲ, ಟಿಕೆಟ್ ಎಲ್ಲಿಗೆ ಹೋಗತ್ತೆ, ಬಂದೇ ಬರತ್ತೆ!"

"ಆದರೆ ಪಾಸು? ಪಾಸು ನನ್ನ ಹತ್ತಿರ ಇದೆಯಲ್ಲ!"

"ನಾನು ರೈಲ್ವೆಗೆ ಸೇರಿದ್ದೇ ಕಬಡ್ಡಿ ಕೋಟಾದಲ್ಲಿ ಸಾರ್. ಅಲ್ಲಿ ಗೇಟಲ್ಲಿರೋರೆಲ್ಲ ಗೊತ್ತು. ಆಡೋ ಹುಡುಗಿ ತಾಯಿಗೆ ಪಾಸ್ ಯಾಕೆ? ಫೋನ್ ಮಾಡಿ ಹೇಳ್ದೆ, ಅಷ್ಟೆ."

ಒಂದು ವಾರದ ನನ್ನ ಯೋಜನೆ, ಒಂದು ಪುಟದ ಸೂಚನಾಪತ್ರ, ಒಂದು ಪ್ಲಾಸ್ಟಿಕ್ ಫೈಲು ಮಾಡಲಾಗದ್ದನ್ನು ಅವರು ಒಂದು ಫೋನ್ ಕರೆಯಲ್ಲಿ ಮಾಡಿದ್ದರು. ಕೈಮುಗಿದೆ. ಟಿಕೆಟ್ ಕೊಟ್ಟೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸರಿ ಇದೆ. ಇಪ್ಪತ್ತೆರಡು ಜನರದ್ದೂ ಸರಿ ಇದೆ."

"ಇಪ್ಪತ್ತಮೂರು," ಎಂದು ತಿದ್ದಿದೆ. ಅಭ್ಯಾಸಬಲ.

"ನೀವು ಬಂದಿದ್ದು ಯಾವುದ್ರಲ್ಲಿ?"

"ಈಗ ಬಂತಲ್ಲ, ಆ ಎಕ್ಸ್‌ಪ್ರೆಸ್‌ನಲ್ಲಿ."

"ಇದು ಪ್ಯಾಸೆಂಜರ್ ಟಿಕೆಟ್ ಸಾರ್. ಎಕ್ಸ್‌ಪ್ರೆಸ್‌ಗೆ ನಡೆಯಲ್ಲ."

ಇಪ್ಪತ್ತು ಜೊತೆ ಕಣ್ಣುಗಳು ಚಕ್ಕುಲಿ ಬಿಟ್ಟು ನನ್ನತ್ತ ತಿರುಗಿದವು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರೆಲ್ಲ ನಿರಪರಾಧಿಗಳು. ಟಿಕೆಟ್ ಹಿಡಿದುಕೊಂಡು ಬಂದವನೊಬ್ಬನೇ ಕಳ್ಳಪ್ರಯಾಣಿಕ!

"ಮೇಡಂ, ನಾನು ಈ ತಂಡದ ಉಸ್ತುವಾರಿ..."

"ಗೆರೆ ದಾಟಿದ್ರೆ ಔಟ್ ಸಾರ್. ಕ್ಯಾಪ್ಟನ್ ಆದ್ರೂ ಅಷ್ಟೆ," ಎನ್ನುತ್ತ ರಸೀತಿ ಪುಸ್ತಕ ತೆಗೆದರು.

ನಾನು ದಂಡ ಕಟ್ಟಿದೆ. ಮುನಿರಾಜು ತಮಟೆಗೆ ಒಂದು ಏಟು ಹಾಕಿದರು. ಒಂದೇ. ಸಾಕಾಗಿತ್ತು.

ನಾವು ಕ್ರೀಡಾಂಗಣದ ಒಳಗೆ ನುಗ್ಗಿದಾಗ ಪಂದ್ಯ ಶುರುವಾಗಿ ಐದಾರು ನಿಮಿಷವಾಗಿತ್ತು. ಕಣ್ಣು ಮಂಜುಳಕ್ಕನನ್ನು ಹುಡುಕಿತು. ನಮ್ಮ ಪಾಸಿನ ಸೀಟುಗಳು ಮೇಲೆ ಎಲ್ಲೋ ಕೊನೆಯ ಸಾಲಿನಲ್ಲಿದ್ದವು. ಅವರು ಕೂತಿದ್ದದ್ದು ಅಂಕಣಕ್ಕೆ ಅಂಟಿದ ಮೊದಲ ಸಾಲಿನಲ್ಲಿ, ಆಟಗಾರ್ತಿಯರ ಮನೆಯವರ ಜೊತೆ. ಕೂತಿದ್ದರು ಎಂಬುದು ತಪ್ಪು ವರದಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೇ ಇದ್ದರು. ಪಕ್ಕದಲ್ಲಿ ಶೈಲಾ, ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಆ ಗದ್ದಲದಲ್ಲಿ ಫೋನು ಕೇಳಿಸುವಂತೆಯೇ ಇರಲಿಲ್ಲ.

ಭವ್ಯ ರೈಡ್‌ಗೆ ಹೋದಳು. ಒಬ್ಬಳನ್ನು ಮುಟ್ಟಿ ತಿರುಗುವಷ್ಟರಲ್ಲಿ ಇಬ್ಬರು ಕಾಲು ಹಿಡಿದರು. ಬಿದ್ದಳು. ಬಿದ್ದವಳು ಹೊಟ್ಟೆಯ ಮೇಲೆ ತೆವಳುತ್ತ ಕೈ ಚಾಚಿದಳು. ಇಡೀ ಕ್ರೀಡಾಂಗಣದ ಗದ್ದಲದ ಮೇಲೆ ಒಂದೇ ದನಿ ಕೇಳಿಸಿತು: "ಎಳ್ಕಳೇ ಭವ್ಯಾ! ಇನ್ನೊಂಚೂರು ಕಣೇ!" ಬೆರಳ ತುದಿ ಮಧ್ಯದ ಗೆರೆ ಮುಟ್ಟಿತು.

ಕೊನೆಗೆ ಅವರ ತಂಡ ಎರಡು ಅಂಕಗಳಿಂದ ಸೋತಿತು. ಮಂಜುಳಕ್ಕನಿಗೆ ಅದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. "ಮನ್ಯಾಗೆ ಬಾಯೇ ಬುಡಕ್ಕಿಲ್ಲ ಸಾರ್ ಇವ್ಳು. ಅಲ್ಲಿ ಎಂಗ್ ನುಗ್ಗಿದ್ಳು ನೋಡಿದ್ರಾ!" ಎಂದು ಕಣ್ಣೊರೆಸಿಕೊಂಡರು.

ಹೊರಗೆ ಬಂದಾಗ ವಾಪಸು ಮೆಟ್ರೋದಲ್ಲಿ ಎಂದು ಶೈಲಾ ಘೋಷಿಸಿದಳು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆಗ ಭವ್ಯ ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಳು. ಮಂಜುಳಕ್ಕ ಅವಳ ಕೈಹಿಡಿದು ನೇರ ನನ್ನೆದುರು ತಂದು ನಿಲ್ಲಿಸಿದರು.

"ಇವ್ರೇ ಕಣೇ ಸಾರು. ನಮ್ಮನ್ನೆಲ್ಲ ಕರ್ಕೊಂಡು ಬಂದೋರು. ಎಲ್ಲಾ ವ್ಯವಸ್ತೆ ಇವ್ರದ್ದೇಯ."

"ಥ್ಯಾಂಕ್ಸ್ ಸಾರ್," ಎಂದಳು ಹುಡುಗಿ. "ಅಮ್ಮ ಬರಲ್ಲ ಅಂದ್ಕೊಂಡಿದ್ದೆ."

ನನ್ನ ಹಿಂದೆ ಇಪ್ಪತ್ತೊಂದು ಜನ ಪ್ರತ್ಯಕ್ಷಸಾಕ್ಷಿಗಳಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಆ ಮೌನಕ್ಕಾಗಿ ಅವರೆಲ್ಲರಿಗೂ ನಾನು ಈ ಜನ್ಮದಲ್ಲಿ ಋಣಿ. ನಾನಂತೂ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ, ಆರಂಭದಿಂದ ಕೊನೆಯವರೆಗೆ ತಪ್ಪಾಗಿದ್ದ ಒಂದು ವರದಿಯನ್ನು ತಿದ್ದದೆ ಹಾಗೆಯೇ ಬಿಟ್ಟುಬಿಟ್ಟೆ.