ಗಿರಿಜಮ್ಮನವರ ಕೆನೆಬಣ್ಣದ ಸೀರೆ

ನಾನು ದಿನಾ ಸೀರೆ ಉಡುತ್ತೇನೆ. ಒಂದೆರಡಲ್ಲ, ವ್ಯಾಪಾರ ಚೆನ್ನಾಗಿದ್ದ ದಿನ ಹತ್ತು ಹದಿನೈದು. ಹುಬ್ಬೇರಿಸಬೇಡಿ; ಮೈಸೂರಿನ ಒಂದು ಸೀರೆ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಕೊಳ್ಳಲು ಬಂದವರು "ಮೈಮೇಲೆ ಹೆಂಗೆ ಕಾಣುತ್ತೋ..." ಎಂದು ರಾಗ ಎಳೆದ ಕೂಡಲೇ ಪ್ಯಾಂಟಿನ ಮೇಲೆಯೇ ನೆರಿಗೆ ಹಿಡಿದು, ಸೆರಗು ಹೊದ್ದು ಕನ್ನಡಿಯ ಮುಂದೆ ನಿಂತುಬಿಡುವುದು ನಮ್ಮ ಕಸುಬಿನ ಪದ್ಧತಿ. ಲಕ್ಷ್ಮೀಪುರಂನ ನಮ್ಮ ವಠಾರದಲ್ಲಿ ಮದುವೆಗೆ ಹೊರಟ ಹೆಂಗಸರು ನೆರಿಗೆ ನಿಲ್ಲದಿದ್ದರೆ ಕೂಗುವುದು ನಮ್ಮಮ್ಮನನ್ನಲ್ಲ, ನನ್ನನ್ನು. ಅಮ್ಮನಿಗೆ ಇದರಿಂದ ಹೆಮ್ಮೆಯೋ ಅವಮಾನವೋ ಇನ್ನೂ ತೀರ್ಮಾನವಾಗಿಲ್ಲ.

ಉಳಿದ ಸೇಲ್ಸ್‌ಮನ್‌ಗಳು ಸೀರೆ ಹೊದ್ದರೆ ಬಟ್ಟೆ ಸುತ್ತಿದ ಕಂಬದಂತೆ ನಿಲ್ಲುತ್ತಾರೆ. ನನಗೆ ಹಾಗೆ ನಿಲ್ಲಲು ಬರುವುದಿಲ್ಲ. ಇನ್ನೊಬ್ಬರನ್ನು ಅಣಕಿಸುವುದು ನನ್ನ ಹುಟ್ಟುಚಟ. ಶಾಲೆಯಲ್ಲಿ ಮೇಷ್ಟ್ರ ಕೈಯಲ್ಲಿ, ಮನೆಯಲ್ಲಿ ದೊಡ್ಡಪ್ಪನ ಕೈಯಲ್ಲಿ ಏಟು ಕೊಡಿಸಿದ ಆ ಚಟವೇ ಈಗ ಅನ್ನ ಹಾಕುತ್ತಿದೆ. ಸೀರೆ ಹೊದ್ದ ಕೂಡಲೇ ನಾನು ಎದುರಿಗೆ ಕೂತ ಗಿರಾಕಿಯೇ ಆಗಿಬಿಡುತ್ತೇನೆ. ರಾಜೀವನಗರದ ಟೀಚರೊಬ್ಬರು ಜರಿ ತುಂಬಿದ ಸೆರಗಿಗೆ ಮನಸೋತಿದ್ದರು. ಅದನ್ನೇ ಹೊದ್ದು, ಬೋರ್ಡಿನ ಮೇಲೆ ಬರೆಯುವಂತೆ ಕೈ ಎತ್ತಿ, ಹಿಂದಿನ ಬೆಂಚಿನವರನ್ನು ಅವರ ಹಾಗೆಯೇ ಕನ್ನಡಕದ ಮೇಲಿಂದ ಗದರಿಸಿದೆ. ಜರಿ ನನ್ನ ಕೈಗಡಿಯಾರಕ್ಕೆ ಸಿಕ್ಕಿಕೊಂಡಿತು. "ಬೇಡಪ್ಪ, ಕಾಟನ್ನೇ ತೋರ್ಸು" ಎಂದರು. ವ್ಯಕ್ತಿತ್ವಕ್ಕೆ ಒಪ್ಪುವ ಉಡುಪು ಯಾವುದೆಂದು ಹೇಳಲು ದೊಡ್ಡ ದೊಡ್ಡ ಊರುಗಳಲ್ಲಿ ತಜ್ಞರಿದ್ದಾರಂತೆ. ನನ್ನ ತಜ್ಞತೆ ಇಷ್ಟೇ. ನಮ್ಮ ಯಜಮಾನರಿಗೆ ಮಾತ್ರ ಸದಾ ಭಯ: "ಲೋ, ಒಂದಲ್ಲ ಒಂದಿನ ಯಾರಾದ್ರೂ ಚಪ್ಪಲಿ ತಗೊಂಡ್ಬುಡ್ತಾರೆ ಕಣೋ!" ಇದನ್ನು ಅವರು ಮೂಗಿನಲ್ಲಿ ಹೇಳುತ್ತಾರೆ. ಬರವಣಿಗೆಯಲ್ಲಿ ಆ ಮೂಗು ತೋರಿಸಲಾಗದು ಎಂಬುದೇ ನನ್ನ ಸಂಕಟ.

ಚಪ್ಪಲಿಯ ದಿನ ಬಂತೆಂದೇ ನಾನು ಅಂದುಕೊಂಡಿದ್ದು ಗಿರಿಜಮ್ಮ ಬಂದಾಗ. ಮೇಟಗಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನು ನೋಡಿಕೊಳ್ಳುವವರು. ಯಂತ್ರಗಳ ಸದ್ದನ್ನು ಮೀರಿ "ಸಾರು ಸಾಕಾ?" ಎಂದು ಕೇಳಿ ಕೇಳಿ ಅವರ ದನಿ ಆ ಎತ್ತರದಲ್ಲೇ ನಿಂತುಹೋಗಿದೆ; ಅಂಗಡಿಯ ಮೆಟ್ಟಿಲು ಹತ್ತುವಾಗ ತೊಡೆ ತಟ್ಟಿಕೊಂಡು ನಕ್ಕ ನಗುವೂ ಅದೇ ಎತ್ತರದ್ದು. ಮಗನ ನಿಶ್ಚಿತಾರ್ಥಕ್ಕೆ ಸೀರೆ ಬೇಕಿತ್ತು. ಜೊತೆಗೆ ಮಗಳು ರೂಪ. ಮೂಲೆಯಲ್ಲಿ ಮುದುರಿ ಕೂತ ಭಾವೀ ಸೊಸೆ ಚೈತ್ರ. ಚೈತ್ರಳಿಗೆ ಆಗಲೇ ತಿಳಿನೀಲಿ ಸೀರೆ ಗೊತ್ತುಮಾಡಿಯಾಗಿತ್ತು. "ಚೆನ್ನಾಗಿದೆ ಅಲ್ವಾ?" ಎಂದು ರೂಪ ಕೇಳಿದ್ದಳು, "ಹೂಂ" ಎಂದು ಚೈತ್ರ ಅಂದಿದ್ದಳು. ಅಂಗಡಿಗೆ ಬಂದ ಮೇಲೆ ಆ ಹುಡುಗಿಯ ಬಾಯಿಂದ ಹೊರಟ ಒಟ್ಟು ಮಾತು ಅದೊಂದೇ.

ಗಿರಿಜಮ್ಮ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಅವರ ಪಿಸುಮಾತು ಎದುರಿನ ಪಾತ್ರೆ ಅಂಗಡಿಯವರೆಗೆ ಮಾತ್ರ ಕೇಳಿಸುತ್ತದೆ. "ಹೆಣ್ಣು ನೋಡಕ್ಕೆ ಹೋದಾಗ ನಾನು ಜೋರಾಗಿ ನಕ್ಬುಟ್ಟೆ ಕಣಪ್ಪ. ಅವ್ರಜ್ಜಿ ಬೆಚ್ಚಿಬಿದ್ದು ಕಾಫಿ ಚೆಲ್ಕೊಂಡ್ರು. ಅವತ್ತಿಂದ ಈ ಮಗು ನನ್ ಮುಂದೆ ಬಾಯೇ ಬಿಡಲ್ಲ. ಘಟವಾಣಿ ಅತ್ತೆ ಅನ್ಕೊಂಡವ್ಳೆ. ನೋಡಿದ್ರೆ ಸಾಧು ಅನ್ನಿಸ್ಬೇಕು, ಅಂಗಿರೋ ಸೀರೆ ಕೊಡು."

ರೂಪ ಅಮ್ಮನಿಗೆ ಆರಿಸಿದ್ದು ದಾರದಷ್ಟು ಅಂಚಿರುವ ಕೆನೆಬಣ್ಣದ ಸೀರೆ. "ಇದೇ ಸರಿ ಬುಡು" ಎಂದರು ಗಿರಿಜಮ್ಮ. ಆದರೆ ಅವರ ಕೈ ಮಾತ್ರ ಪಕ್ಕದಲ್ಲಿದ್ದ ಗಿಳಿಹಸಿರು ಒಡಲಿನ, ಗೇಣಗಲದ ರಾಣಿಬಣ್ಣದ ಅಂಚಿನ ಸೀರೆಯನ್ನು ಸವರುತ್ತಲೇ ಇತ್ತು, ಬೇರೆಯವರ ಮಗುವಿನ ಕೆನ್ನೆ ಸವರಿದ ಹಾಗೆ.

ಕೆನೆಬಣ್ಣ ಉಟ್ಟು ನಾನು ಗಿರಿಜಮ್ಮನಾದೆ. ಮೊದಲು ಸೆರಗು ಹೊದ್ದು ನೆಲ ನೋಡುತ್ತಾ ನಿಂತೆ. "ಕರೆಕ್ಟ್! ಅಮ್ಮ, ಹಿಂಗೇ ನಿಂತ್ಕೋಬೇಕು ನೀನು" ಎಂದಳು ರೂಪ. ಅಲ್ಲಿಗೆ ನಿಲ್ಲಿಸಬಹುದಿತ್ತು. ಚಟ ಬಿಡಬೇಕಲ್ಲ! ಬೀಗರ ಎಲೆ ಖಾಲಿಯಾದದ್ದು ಕಂಡವನಂತೆ ತಲೆಯೆತ್ತಿ, "ಯಾರ್ರೋ ಅಲ್ಲಿ! ಬೀಗ್ರಿಗೆ ಪಲ್ಯ ಬುಡ್ರೋ!" ಎಂದು ಕೂಗಿ, ತೊಡೆ ತಟ್ಟಿಕೊಂಡು ಅವರ ನಗು ನಕ್ಕೆ. ನುಣುಪು ಸೀರೆ, ಸೆರಗು ಜಾರಿತು, ಹಿಂದೆಯೇ ನೆರಿಗೆಯೂ ಕಳಚಿತು. ನಾನು ಬರೀ ಪ್ಯಾಂಟು ಶರ್ಟಿನಲ್ಲಿ ಉಳಿದೆ.

ಯಜಮಾನರು ಕ್ಯಾಲ್ಕುಲೇಟರ್ ಕೆಳಗಿಟ್ಟರು.

"ನಾನು ಅಂಗಾ ನಗೋದು?" ಎಂದರು ಗಿರಿಜಮ್ಮ. ಅವರ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. ಅಣಕಿಸುವವನ ಹಣೆಬರಹವೇ ಇಷ್ಟು: ಎಲ್ಲರೂ ನಗುವವರೆಗೆ ಅದು ಕಲೆ, ಒಬ್ಬರ ಮುಖ ಬಾಡಿದರೆ ಅಧಿಕಪ್ರಸಂಗ.

ಆಗ ಮೂಲೆಯಿಂದ ಒಂದು ಸದ್ದು. ಬಾಯಿಗೆ ಕರ್ಚೀಫು ಒತ್ತಿ ತಡೆದುಕೊಂಡಿದ್ದ ಚೈತ್ರ, ಇನ್ನು ಆಗದೆ ಅದನ್ನು ತೆಗೆದೇಬಿಟ್ಟಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಹೌದು ಅತ್ತೆ, ಹಂಗೇ ನಗೋದು ನೀವು! ಅವತ್ತೂ ಹಂಗೇ ನಕ್ಕಿದ್ರಿ."

"ಅದಕ್ಕೇ ಅಲ್ವಾ ನೀನು ಹೆದರ್ಕೊಂಡಿರೋದು?"

"ಹೆದರಿಕೆ ಏನಿಲ್ಲ ಅತ್ತೆ. ನಮ್ಮನೇಲಿ ಎಲ್ರೂ ಗೋಡೆಗೂ ಕೇಳಿಸದ ಹಂಗೆ ಮಾತಾಡ್ತಾರೆ, ನಂಗೂ ಅದೇ ಅಭ್ಯಾಸ. ಅವತ್ತು ನಿಮ್ ನಗು ಕೇಳೇ ನಾನು ಒಪ್ಪಿದ್ದು. ನಿಮ್ ಮಗನ್ನ ಸರಿಯಾಗಿ ನೋಡಿದ್ದೇ ಆಮೇಲೆ."

ಗಿರಿಜಮ್ಮ ಕೈಗೆ ಸಿಕ್ಕಿದ್ದರಲ್ಲಿ ಕಣ್ಣೊರೆಸಿಕೊಂಡರು. ಸಿಕ್ಕಿದ್ದು ಗಿಳಿಹಸಿರು ಸೀರೆ. ಯಜಮಾನರು ಕ್ಯಾಲ್ಕುಲೇಟರನ್ನು ಮತ್ತೆ ಎತ್ತಿಕೊಂಡರು. ಆ ಸೀರೆಯನ್ನೂ ಉಟ್ಟು ತೋರಿಸಲೇಬೇಕೆಂದು ಗಿರಿಜಮ್ಮ ಹಟ ಹಿಡಿದರು. ಉಟ್ಟೆ, ಪಲ್ಯಕ್ಕೆ ಕೂಗಿದೆ, ತೊಡೆ ತಟ್ಟಿ ನಕ್ಕೆ. ಸೆರಗು ಇದ್ದಲ್ಲೇ ಇತ್ತು. ಅಷ್ಟರಲ್ಲಿ ಚೈತ್ರ, "ಅತ್ತೆ, ಈ ತಿಳಿನೀಲಿ ನಂಗೆ ಚೂರೂ ಇಷ್ಟ ಇಲ್ಲ" ಎಂದಳು. ಬಾಯಿ ಬಿಡದ ಹುಡುಗಿ ಒಮ್ಮೆ ಬಿಟ್ಟರೆ ಎಷ್ಟು ಸೀರೆಗಳನ್ನು ಬೇಡವೆನ್ನಬಲ್ಲಳು ಎಂಬುದು ಅವನ್ನೆಲ್ಲ ಮಡಿಸಿಟ್ಟ ನನಗೆ ಗೊತ್ತು.

ನಿಶ್ಚಿತಾರ್ಥಕ್ಕೆ ನನ್ನನ್ನೂ ಕರೆದಿದ್ದರು. ಊರಿಗೆಲ್ಲ ಬಟ್ಟೆ ಆರಿಸುವ ನಾನು, ನನಗೇನು ಒಪ್ಪುತ್ತದೆಂದು ತೋಚದೆ ಬೀರುವಿನ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಸಭ್ಯಸ್ಥನಂತೆ ಹೋದೆ. ಗಿಳಿಹಸಿರಿನಲ್ಲಿ ಛತ್ರದ ಬಾಗಿಲಲ್ಲೇ ನಿಂತಿದ್ದ ಗಿರಿಜಮ್ಮ ನನ್ನ ತೋಳು ಹಿಡಿದು ಎಳೆದೊಯ್ದರು. ಬೀಗರ ಸಾಲಿನ ಮುಂದೆ ನಿಲ್ಲಿಸಿ, ಕ್ಯಾಂಟೀನಿನ ದನಿಯಲ್ಲಿ ಪರಿಚಯ ಮಾಡಿಕೊಟ್ಟರು: "ಇವ್ನೇ ಕಣ್ರೀ! ಈ ಸೀರೆನ ನನಗಿಂತ ಮುಂಚೆ ಉಟ್ಕೊಂಡಿದ್ದೋನು!"

ಓಲಗದವರೂ ಊದುವುದನ್ನು ನಿಲ್ಲಿಸಿದರು. ಮೆಲುದನಿಯ ಬೀಗರೆಲ್ಲ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು. ಪ್ಯಾಂಟು ಶರ್ಟು ಹಾಕಿಕೊಂಡು ನನಗೆ ಅಷ್ಟು ನಾಚಿಕೆಯಾಗಿದ್ದು ಅದೇ ಮೊದಲು.