ಬೀಜದ ದನಿ ತೆಗೆಯಲು ಹೋಗಿ

ಎದುರಿಗಿದ್ದವರ ದನಿ ನನ್ನ ಗಂಟಲಿಗೆ ಅಂಟಿಕೊಳ್ಳುವುದು ಕಾಯಿಲೆಯೋ ವಿದ್ಯೆಯೋ ನನಗಿನ್ನೂ ತಿಳಿದಿಲ್ಲ. ಮದುವೆ ಮನೆಯಲ್ಲಿ ಅದಕ್ಕೆ ಕಲೆ ಅನ್ನುತ್ತಾರೆ, ಸಾವಿನ ಮನೆಯಲ್ಲಿ ಕೆಕ್ಕರಿಸಿ ನೋಡುತ್ತಾರೆ. ಇಂಥವನು ಕುಂದಾಪುರದ ಕಡೆಯ ಒಂದು ಸರಕಾರಿ ಶಾಲೆಗೆ ಅತಿಥಿ ಶಿಕ್ಷಕನಾಗಿ ಸೇರಿ ಐದನೇ ಕ್ಲಾಸಿಗೆ ವಿಜ್ಞಾನ ಹೇಳತೊಡಗಿದರೆ ಏನಾಗಬೇಕೋ ಅದೇ ಆಯಿತು. ಜೀರ್ಣಕ್ರಿಯೆಯ ಪಾಠಕ್ಕೆ ನಾನು ಕೊಲ್ಲೂರು ಬಸ್ಸಿನ ಕಂಡಕ್ಟರನನ್ನು ಗಂಟಲಲ್ಲೇ ಕರೆತಂದೆ. ಬಾಯಿ ಬಸ್ಸಿನ ಬಾಗಿಲು, ಒಳಬಂದ ಅನ್ನ ಪ್ರಯಾಣಿಕ. ಜಠರದಲ್ಲಿ ನಿಂತ ಕಂಡಕ್ಟರ್ “ಹ್ವಾಯ್, ಹಿಂದ್ ಹೋಯ್ನಿ, ಮಧ್ಯ ಜಾಗ ಇತ್ತ್, ವಂಡ್ಸೆ ಇಳಿವ್ರ್ ಮುಂದ್ ಬನ್ನಿ!” ಎಂದು ಕೂಗುತ್ತಾನೆ. ಮಕ್ಕಳು ಬೆಂಚಿನಿಂದ ಬೀಳುವಷ್ಟು ನಕ್ಕರು. ನನ್ನಂಥ ಮೇಷ್ಟ್ರು ಜಿಲ್ಲೆಯಲ್ಲೇ ಇಲ್ಲ ಎಂದುಕೊಂಡೆ. ಪರೀಕ್ಷೆಯಲ್ಲಿ ಅರ್ಧ ಕ್ಲಾಸು “ಜಠರದಲ್ಲಿ ಆಹಾರಕ್ಕೆ ಟಿಕೆಟು ಕೊಡುತ್ತಾರೆ” ಎಂದು ಬರೆಯಿತು. ಸಹನಾ ಎಂಬ ಹುಡುಗಿಯೊಬ್ಬಳು ಮಾತ್ರ ಪಾಠ ಮುಗಿದ ಕೂಡಲೇ ಬಂದು, “ಸರ್, ಟಿಕೆಟ್ ತೆಗಿದೆ ಇದ್ದದ್ದ್ ವಾಂತಿ ಆಪ್ದಾ?” ಎಂದು ಕೇಳಿದ್ದಳು. ಉಳಿದವರೆಲ್ಲ ನನ್ನನ್ನು ನೋಡುತ್ತಿದ್ದರೆ ಇವಳು ನನ್ನ ಹಿಂದೆ ಎಲ್ಲಾದರೂ ಜಠರ ಕಾಣುತ್ತದೆಯೇ ಎಂದು ಹುಡುಕುತ್ತಿದ್ದಳು.

ಶಾಲೆಗೆ ಒಂದು ಸ್ಮಾರ್ಟ್ ಬೋರ್ಡೂ ಇದೆ. ಮುಂಬೈಯಲ್ಲಿ ಹೋಟೆಲು ಇಟ್ಟಿರುವ ಹಳೆ ವಿದ್ಯಾರ್ಥಿಗಳು ಕೊಟ್ಟದ್ದು, ಗೋಡೆಯಷ್ಟು ಅಗಲ, ಬೆರಳಿನಿಂದ ಮುಟ್ಟಿದರೆ ಓಡುತ್ತದೆ. ಅದರೊಳಗಿನ ಹೆಂಗಸು “ಪ್ರಿಯ ವಿದ್ಯಾರ್ಥಿಗಳೇ” ಎಂದು ರೈಲ್ವೆ ಸ್ಟೇಷನ್ನಿನಲ್ಲಿ ತಡವಾದ ಗಾಡಿಗೆ ಕ್ಷಮೆ ಕೇಳುವವಳ ಹಾಗೆ ಮಾತಾಡುತ್ತಾಳೆ. ಮೊದಲ ವಾರವೇ ನಾನು ಅವಳ ಬಾಯಿ ಮುಚ್ಚಿಸಿ, ಚಿತ್ರ ಮಾತ್ರ ಓಡಿಸಿ, ಮಾತನ್ನು ನಾನೇ ವಹಿಸಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ಒಂದು ಕ್ಲಾಸಿನಲ್ಲಿ ಇಬ್ಬರು ಮಾತುಗಾರರಿಗೆ ಜಾಗವೆಲ್ಲಿ?

ಆದರೆ ನವರಾತ್ರಿ ಕಳೆದ ಮೇಲೆ ಬೋರ್ಡಿಗೆ ಏನೋ ಬಡಿಯಿತು. ಯಾರೂ ಮುಟ್ಟದೆ ತಾನೇ ಪುಟ ಹಾರಿಸುತ್ತಿತ್ತು. ಮುಖ್ಯೋಪಾಧ್ಯಾಯಿನಿ ಸುಮತಿ ಟೀಚರ್ “ಕರೆಂಟ್ ಸಮ ಇಲ್ಲೆ ಮಾರಾಯ” ಎಂದರು. ನಾನು ಪ್ಲಗ್ ಕಿತ್ತು ಮತ್ತೆ ಹಾಕಿದೆ. ನನ್ನ ತಾಂತ್ರಿಕ ಜ್ಞಾನ ಅಲ್ಲಿಗೆ ಮುಗಿಯಿತು.

ಅದೇ ಹೊತ್ತಿಗೆ ಸಹನಾಳ ಅಮ್ಮ, ಮಾರ್ಕೆಟ್ಟಿನಲ್ಲಿ ಮೀನು ಮಾರುವ ಗುಲಾಬಕ್ಕ, ಶಾಲೆಗೆ ಬಂದರು. ಮನೆ ಬಾಗಿಲಿಗೆ ಹಳದಿ ವ್ಯಾನು ಬರುವ ಇಂಗ್ಲಿಷ್ ಶಾಲೆಯಲ್ಲಿ ಮುಂದಿನ ವರ್ಷಕ್ಕೆ ಈಗಲೇ ಹೆಸರು ಬರೆಸಬೇಕಂತೆ. “ಹೆಣ್ಣ್ ಇಲ್ಲೇ ಇಪ್ಪುದ್ ಅಂತ ಹಟ ಮಾಡತ್ತ್. ಇಲ್ಲಿ ಎಂತ ಕಲಿಸ್ತ್ರಿ ಅಂತ ಒಂದ್ಸಲ ಕಂಡ್ಕಂಡ್ ಹೋತೆ” ಎಂದರು. ಸಹನಾ ಹೋದರೆ ಆ ಕ್ಲಾಸಿನಲ್ಲಿ ಉಳಿಯುವುದು ನಗುವವರು ಮತ್ತು ನಗಿಸುವವನು ಅಷ್ಟೇ. ಅದಕ್ಕೆ ಶಾಲೆ ಬೇಡ, ಒಂದು ಪೆಂಡಾಲು ಸಾಕು.

ಗುಲಾಬಕ್ಕ ಹಿಂದಿನ ಬೆಂಚಿನಲ್ಲಿ ಕೂತರು, ಪಕ್ಕದಲ್ಲಿ ಸುಮತಿ ಟೀಚರ್. ಬೀಜ ಮೊಳೆಯುವ ಪಾಠ. ಬೋರ್ಡಿನ ಮೇಲೆ ಅಲಸಂಡೆ ಬೀಜ ಉಬ್ಬಿತು, ಸಿಪ್ಪೆ ಬಿರಿಯಿತು, ಇನ್ನೇನು ಬೇರು ಮೂಡಬೇಕು ಅನ್ನುವಾಗ ಪುಟ ಹಾರಿ ಶನಿಗ್ರಹ ಬಂದು ನಿಂತಿತು.

“ಬೀಜ ಹಾಕ್ರೆ ಶನಿ ಹುಟ್ಟತ್ತಾ ಮಾಷ್ಟ್ರೇ?” ಎಂದರು ಗುಲಾಬಕ್ಕ.

ಮರ್ಯಾದೆ ಉಳಿಸಿಕೊಳ್ಳಲು ನನಗೆ ಗೊತ್ತಿರುವುದು ಒಂದೇ ದಾರಿ. ನೆಲದ ಮೇಲೆ ಮುದುರಿ ಕೂತು ನಾನೇ ಬೀಜವಾದೆ. ನರಳಿದೆ, ಸಿಪ್ಪೆ ಬಿರಿದೆ, ಕೈ ಎತ್ತಿ ಎರಡೆಲೆ ಬಿಟ್ಟೆ. ಬೀಜಕ್ಕೆ ದನಿಯೇ ಇಲ್ಲ ಎಂಬುದು ಹೊಳೆದದ್ದು ಅರ್ಧ ಮೊಳೆತ ಮೇಲೆ. ಬೇರೆ ದಾರಿ ಕಾಣದೆ ಅದಕ್ಕೂ ಕಂಡಕ್ಟರನ ದನಿಯನ್ನೇ ಕೊಟ್ಟೆ. ಮಕ್ಕಳು ನಕ್ಕರು, ಗುಲಾಬಕ್ಕ ಸೆರಗು ಬಾಯಿಗಿಟ್ಟು ನಕ್ಕರು. ಸಹನಾ ನಗಲಿಲ್ಲ. “ಸರ್, ಬೇರ್ ಎಲ್ಲಿತ್ತ್?” ಎಂದಳು. ನಾನು ಕೆಳಗೆ ನೋಡಿದೆ. ಎರಡು ಚಪ್ಪಲಿ ಇದ್ದವು.

ಆಗ ಸುಮತಿ ಟೀಚರ್ ಎದ್ದು ಬೋರ್ಡಿನ ಹತ್ತಿರ ಹೋದರು. ಚೌಕಟ್ಟಿನ ಒಳಅಂಚಿನಲ್ಲಿ ಗಂಧ, ಅದರ ಮೇಲೊಂದು ಕುಂಕುಮದ ಬೊಟ್ಟು ಒಣಗಿ ಗಟ್ಟಿಯಾಗಿ ಕೂತಿತ್ತು. ಆಯುಧಪೂಜೆಯ ದಿನ ಗಂಟೆ, ಮೈಕು, ಗ್ಯಾಸ್ ಒಲೆಗಳ ಜೊತೆ ಇದಕ್ಕೂ ಅವರೇ ಕೈಯಾರೆ ಇಟ್ಟದ್ದು. ಬೋರ್ಡು ಪಾಪ ಅದನ್ನು ಯಾರದೋ ಬೆರಳು ಎಂದುಕೊಂಡು ಹಗಲಿಡೀ ಆಜ್ಞೆ ಪಾಲಿಸುತ್ತಿತ್ತು. ಟೀಚರ್ ಮೊದಲು ಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಂಡರು, ಆಮೇಲೆ ಸೆರಗಿನಿಂದ ಒರೆಸಿದರು.

ಬೀಜ ಮರಳಿ ಬಂತು. ಬೋರ್ಡಿನ ಹೆಂಗಸಿನ ಬಾಯಿ ನಾನೇ ಮುಚ್ಚಿಸಿದ್ದೆ, ಮೊಳೆತ ಸುಸ್ತಿಗೆ ನನ್ನ ಬಾಯಿ ತಾನೇ ಮುಚ್ಚಿತ್ತು. ಬಿಳಿ ಬೇರೊಂದು ಮೆಲ್ಲಗೆ ಹೊರಬಂದು, ಯಾರನ್ನೂ ಕೇಳದೆ ಕೆಳಕ್ಕೆ ತಿರುಗಿತು. ಕ್ಲಾಸಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಇಷ್ಟು ದಿನ ಆ ಕೋಣೆಯಲ್ಲಿ ಫ್ಯಾನಿಗೆ ಸದ್ದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು, ಮತ್ತು ನನ್ನನ್ನಲ್ಲ.

“ಸರ್, ಬೀಜ ಅಡಿಮೇಲ್ ಹಾಕ್ರೆ?” ಸಹನಾ.

“ಆಗಲೂ ಬೇರು ಕೆಳಗೇ ಹೋಗುತ್ತದೆ. ಗುರುತ್ವ.”

“ಕೆಳ್ಗೆ ಯಾವ್ದ್ ಅಂತ ಅದ್ಕ್ ಹ್ಯಾಂಗ್ ಗೊತ್ತಾತ್ತ್? ಕಣ್ಣಿಲ್ಲೆ ಅಲ್ದಾ?”

ನನ್ನ ಗಂಟಲೊಳಗೆ ಹತ್ತು ಜನ ಇದ್ದಾರೆ. ಒಬ್ಬರೂ ಎದ್ದು ಬರಲಿಲ್ಲ. ನನ್ನದೇ ಬೋಳು ದನಿಯಲ್ಲಿ “ನಂಗೊತ್ತಿಲ್ಲೆ” ಎಂದೆ. “ನಾಳೆ ಬೀಜ ತಕಂಡ್ ಬನ್ನಿ, ಅಡಿಮೇಲ್ ಮಾಡಿ ಹಾಕಿ ಕಾಂಬ. ನಾನೂ ಓದ್ಕಂಡ್ ಬತ್ತೆ.”

ಗುಲಾಬಕ್ಕ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತ, “ಟೀಚರೇ, ಹೆಣ್ಣ್ ಇಲ್ಲೇ ಇರ್ಲಿ” ಎಂದರು. ಸುಮತಿ ಟೀಚರ್ ಮುಖ ಅರಳಿಸಿ, “ಬೋರ್ಡ್ ಹಿಡಿಸ್ತಾ?” ಎಂದು ಕೇಳಿದರು.

“ಬೋರ್ಡ್ ಆ ಶಾಲೆಯಲ್ಲೂ ಇತ್ತ್. ಅಲ್ಲಿ ಮಾಷ್ಟ್ರಿಗೆ ಎಲ್ಲಾ ಗೊತ್ತಿತ್ತ್ ಅಂಬ್ರ್. ಹಂಗಾರೆ ಈ ಹೆಣ್ಣಿಗೆ ಕೇಳುಕೆ ಎಂತ ಉಳಿತ್ತ್? ಈ ಮಾಷ್ಟ್ರಿಗೆ ಎಂತದೂ ಗೊತ್ತಿಲ್ಲೆ. ಇಬ್ರೂ ಒಟ್ಟಿಗೆ ಕಲೀಲಿ.”

ಸಂಜೆ ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲೇ “ಈ ಮಾಷ್ಟ್ರಿಗೆ ಎಂತದೂ ಗೊತ್ತಿಲ್ಲೆ” ಎಂಬ ಆ ಮಾತನ್ನು ಗುಲಾಬಕ್ಕನ ದನಿಯಲ್ಲಿ ಹೇಳಿ ನೋಡಿದೆ. ಎಂಥ ಸೊಗಸಾಗಿ ಬಂತು! ಒಳಗೆ ಬಂಗುಡೆ ಮೀನು ಕೊಯ್ಯುತ್ತಿದ್ದ ಅಮ್ಮ ಕತ್ತಿ ನಿಲ್ಲಿಸಿ ಕೂಗಿದರು: “ಯಾರಾ ಅದ್ ಬಂದದ್ದ್? ನಿನ್ನ ಗುರ್ತ ಸಮಾ ಇತ್ತ್ ಅವ್ರಿಗೆ. ಒಳಗ್ ಕರಿ, ಚಾ ಕೊಡ್ವ.”