ಗುಂಡಿನ ಟೀಗೆ ಅತ್ತೆ ಕೊಟ್ಟ ಮಾರ್ಕು

ನಮ್ಮ ಸೋದರತ್ತೆಯನ್ನು ಮದುವೆಗೆ ಕರೆದವರು ಮುಯ್ಯಿಯ ಜೊತೆಗೆ ತಪಾಸಣೆಗೂ ಸಿದ್ಧರಾಗಿರಬೇಕು! ಚಾಮರಾಜನಗರದ ಛತ್ರವೊಂದರಲ್ಲಿ ಅಕ್ಷತೆ ಹಾಕಲು ವೇದಿಕೆ ಹತ್ತಿದ ಅತ್ತೆ, ಮದುಮಗನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, "ರಕ್ತವೇ ಇಲ್ವಲ್ಲಪ್ಪ ನಿಂಗೆ! ನಾಳಿಂದ ನುಗ್ಗೆಸೊಪ್ಪು ತಿನ್ನು" ಅಂದಿದ್ದರು. ಅದು ತಾಳಿ ಕಟ್ಟುವ ಮೊದಲೋ ಆಮೇಲೋ? ನನ್ನ ಡೈರಿಯಲ್ಲಿ "ಮೊದಲು" ಎಂದಿದೆ. ಆದರೆ ಡೈರಿ ಬರೆಯುವವನಿಗೆ ಕಥೆ ಚೆನ್ನಾಗಿರಲಿ ಎಂಬ ಆಸೆಯೂ ಇರುತ್ತದಲ್ಲ? ಹಾಗಾಗಿ ನಾನು ಬರೆದದ್ದನ್ನು ನಾನೇ ಪೂರ್ತಿ ನಂಬುವುದಿಲ್ಲ. ರೆಪ್ಪೆ ಎಳೆದದ್ದು ಮಾತ್ರ ನಿಜ, ವಿಡಿಯೋ ಇದೆ.

ಅತ್ತೆ ಉಡಿಗಾಲದ ಅಂಗನವಾಡಿಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮಕ್ಕಳನ್ನು ತೂಗಿ ತೂಗಿ, ಈಗ ಯಾರು ಎದುರಾದರೂ ತಕ್ಕಡಿಯಲ್ಲಿ ಕೂತಂತೆಯೇ ಅವರಿಗೆ ಕಾಣುತ್ತಾರೆ. ಬಿಸ್ಕತ್ತು ತಿನ್ನುವ ಮಗುವನ್ನು ಕಂಡರೆ, ಅದನ್ನು ಕಿತ್ತುಕೊಂಡು ಕಡಲೆಬೀಜದ ಚಿಕ್ಕಿ ಕೊಡುವುದು ಅವರ ಪದ್ಧತಿ. ಮಗು ಯಾರದ್ದು ಎಂಬುದು ಆಮೇಲಿನ ವಿಚಾರ!

ಇಂಥ ಅತ್ತೆಯ ಸೊಸೆ ಬಸುರಿಯಾದಳು. ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಗಟ್ಟಿ ಹುಡುಗಿ. ಈಗ ಏನು ತಿಂದರೂ ವಾಂತಿ. ರಾಗಿ ಗಂಜಿ ಹೋಯಿತು, ಬಂತು. ಹೆಸರುಕಾಳು ಹೋಯಿತು, ಬಂತು. ನುಗ್ಗೆಸೊಪ್ಪು ಹೋಗುವ ಮೊದಲೇ, ವಾಸನೆಗೇ ಬಂತು! ತೂಕ ಇಳಿಯುತ್ತಲೇ ಇತ್ತು. "ಏನಾದ್ರೂ ಸರಿ, ಹೊಟ್ಟೇಲಿ ನಿಲ್ಲಲಿ. ಹೀಗೇ ಆದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ" ಅಂದರು ಡಾಕ್ಟರಮ್ಮ. ಊರ ಮಕ್ಕಳ ತೂಕ ಏರಿಸಿದ ಅತ್ತೆ ಮನೆಯ ಸೊಸೆಯೆದುರು ಕೈಕಟ್ಟಿ ಕೂತರು.

ನನ್ನ ಮನೆ ಪಕ್ಕದ ಬೀದಿಯಲ್ಲೇ. ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗ ಸೊಸೆ ಮೆಲ್ಲಗೆ ಅಂದಳು: "ಅತ್ತೆ, ಬಬಲ್ ಟೀ ಕುಡೀಬೇಕು ಅನ್ನಿಸ್ತದೆ."

"ಅದ್ಯಾವ್ದಮ್ಮಿ ಅದು?"

ನಾನು ವಿವರಿಸಿದೆ. ತಣ್ಣನೆಯ ಹಾಲಿನ ಟೀ, ತಳದಲ್ಲಿ ಕಪ್ಪು ಗುಂಡುಗಳು, ಹೀರಲು ದಪ್ಪ ಸ್ಟ್ರಾ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಸಿಗುತ್ತದೆ.

ಅತ್ತೆಯ ಮುಖದಲ್ಲಿ ಎರಡು ಧರ್ಮಗಳು ಕುಸ್ತಿಗೆ ಇಳಿದವು. ಒಂದು ಪೌಷ್ಟಿಕ ಆಹಾರದ್ದು. ಇನ್ನೊಂದು ಅದಕ್ಕಿಂತ ಹಳೆಯದು: ಬಸುರಿಯ ಬಯಕೆಗೆ ಇಲ್ಲ ಅನ್ನಬಾರದು. ಹುಣಸೆಕಾಯಿ ಕೇಳಿದವರುಂಟು, ಒಲೆಯ ಮಣ್ಣು ಕೇಳಿದವರೂ ಉಂಟು. ಗುಂಡಿನ ಟೀ ಕೇಳಿದವಳು ನಮ್ಮ ವಂಶದಲ್ಲಿ ಇವಳೇ ಮೊದಲು!

"ನಡೀಲಾ, ಓಗಿ ನೋಡನ," ಅಂದರು ಅತ್ತೆ.

ಅಂಗಡಿಯವರು ಗಡಿಯಾಚೆಯ ವಯನಾಡಿನವರು. ಅತ್ತೆ ವಿಚಾರಣೆ ಶುರುಮಾಡಿದರು.

"ಈ ಕರೀ ಗುಂಡು ಏನಪ್ಪಾ?"

"ಕಪ್ಪ, ಅಮ್ಮಾ. ಮರಗೆಣಸು."

"ಅಂದ್ರೆ ಸಬ್ಬಕ್ಕಿ! ಪಾಯಸುಕ್ಕೆ ಟೀ ಉಯ್ದು ಮಾರ್ತಾ ಇದ್ದೀಯ?"

"ಒಂದು ಕುಡಿದು ನೋಡಿ ಅಮ್ಮಾ!"

ಅತ್ತೆ ಸ್ಟ್ರಾ ಕಚ್ಚಿ, ಬೋರ್‌ವೆಲ್ ಮೋಟರಿನಂತೆ ಎಳೆದರು. ಗುಂಡೊಂದು ನೇರ ಗಂಟಲಿಗೆ! ಕೆಮ್ಮಿ, ಕಣ್ಣೊರೆಸಿಕೊಂಡು, "ಕುಡಿಯದೋ ಅಗಿಯದೋ, ಏನಾದ್ರೂ ಒಂದು ತೀರ್ಮಾನ ಮಾಡ್ಬುಡಿ! ಒಟ್ಟೆಗೂ ಗಾಬ್ರಿ ಆಯ್ತದೆ" ಅಂದರು. ಆಮೇಲೆ ತೀರ್ಪು: "ಆಲು ಒಂದು ಗುಟುಕು. ಸಕ್ರೆ ಒಂದು ಇಡಿ. ಗುಂಡು ಬರೀ ಇಟ್ಟು. ಪಾಸ್ ಮಾರ್ಕೂ ಬರಾಕಿಲ್ಲ!"

ಆದರೂ ಫ್ಲಾಸ್ಕಿಗೆ ತುಂಬಿಸಿಕೊಂಡೇ ಬಸ್ಸು ಹತ್ತಿದರು.

ಸೊಸೆ ಕುಡಿದಳು. ಅತ್ತೆ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು, ದಾರಿ ಕಟ್ಟಿದರೆ ವಾಂತಿಯೂ ಹಿಂದಿರುಗುತ್ತದೆ ಎನ್ನುವಂತೆ. ಹೊತ್ತು ಮುಳುಗಿತು. ಟೀ ನಿಂತಿತು!

ಗೆದ್ದ ಮೇಲೆ ಸುಮ್ಮನಿರುವವರೇ ಅತ್ತೆ? ಮರುದಿನ ಅದಕ್ಕೆ ಗುಟ್ಟಾಗಿ ಕಡಲೆಬೀಜದ ಪುಡಿ, ಮೊಳಕೆ ರಾಗಿ ಹಿಟ್ಟು ಬೆರೆಸಿದರು. ಪೌಷ್ಟಿಕಾಂಶ ಹೋದ ವೇಗದಲ್ಲೇ ಹೊರಗೆ ಬಂತು. ಅತ್ತೆ ತೆಪ್ಪಗೆ ಫ್ಲಾಸ್ಕ್ ತೊಳೆದು, ನನ್ನನ್ನು ಎಳೆದುಕೊಂಡು ಮತ್ತೆ ಗುಂಡ್ಲುಪೇಟೆಯ ಬಸ್ಸು ಹಿಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಉಡಿಗಾಲದ ಹೆಂಗಸೊಬ್ಬಳು ಸಿಕ್ಕಿ ಕೆಣಕಿದಳು: "ಏನ್ ಟೀಚರಮ್ಮಾ, ನಮ್ಮೈಕ್ಳ ಕೈಲಿದ್ದ ಬಿಸ್ಕತ್ ಕಿತ್ಕತಿದ್ರಿ! ಈಗ ಸೊಸೆಗೆ ಸಕ್ರೆ ನೀರ ಒತ್ಕೊಂಡು ಓಯ್ತಿದ್ದೀರಂತೆ?"

ಬಸ್ಸೆಲ್ಲ ತಿರುಗಿ ನೋಡಿತು. ಅತ್ತೆ ಫ್ಲಾಸ್ಕನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡರು.

"ಊಂ ಕಣವ್ವ, ಓಯ್ತಾ ಇವ್ನಿ. ನಾಳಿಕ್ಕೂವೆ ಓಯ್ತೀನಿ."

ಇವರು ನನ್ನ ಅತ್ತೆ ಎಂದು ಇಡೀ ಬಸ್ಸಿಗೆ ಕೂಗಿ ಹೇಳಬೇಕೆನಿಸಿತು ನನಗೆ!

ಮನೆಗೆ ಬಂದು ಟೀ ಬಗ್ಗಿಸಿ ಕೊಟ್ಟರೆ, ಸೊಸೆ ಲೋಟ ಹಿಡಿದುಕೊಂಡು ಕುಡಿಯದೆ ಕೂತಳು. ಕಣ್ಣು ತುಂಬಿತ್ತು.

"ಅತ್ತೆ, ಬರೀ ಇದನ್ನೇ ಕುಡೀತಾ ಇದ್ರೆ ಮಗೀಗೆ ಏನ್ ಸಿಕ್ತದೆ? ನಿಜ ಹೇಳಿ, ಇದ್ರಲ್ಲಿ ಸತ್ವ ಅದಾ?"

ನಾನು ಅತ್ತೆಯ ಮುಖ ನೋಡಿದೆ. ಹೆತ್ತ ತಾಯಿ ಎದುರಿಗೆ ನಿಂತು ಅತ್ತರೂ ಮಗುವಿನ ತೂಕವನ್ನು ಗುಲಗಂಜಿಯಷ್ಟೂ ಏರಿಸಿ ಹೇಳಿದವರಲ್ಲ ಅವರು.

ಅತ್ತೆ ಸೊಸೆಯ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟರು.

"ಅದೆ ಕಣಮ್ಮಿ. ತುಂಬ ಅದೆ. ನಾನೇ ಕೇಳ್ಕೊಂಡು ಬಂದಿವ್ನಿ. ಕುಡಿಯವ್ವ."

ಅವಳು ಕುಡಿದಳು. ಲೋಟ ಖಾಲಿಯಾಗುವವರೆಗೂ ಅತ್ತೆ ನನ್ನ ಕಡೆ ತಿರುಗಲೇ ಇಲ್ಲ.